ನನ್ನ ಹನ್ನೊಂದು ಬಕೆಟ್ಟುಗಳ ವಿಚಾರವಾಗಿ

ಮಾನ್ಯ ಸೊಳ್ಳೆ ನಿಯಂತ್ರಣಾಧಿಕಾರಿಗಳೇ,

ನನ್ನ ಹನ್ನೊಂದು ಬಕೆಟ್ಟುಗಳನ್ನು ವಾಪಸು ಕೊಡಿ. ನಿಮ್ಮ ಕುಶಲವನ್ನು ಆಮೇಲೆ ವಿಚಾರಿಸುತ್ತೇನೆ.

ಕೋಗಿಲಿನಲ್ಲಿ ಅರ್ಧ ಎಕರೆ ಸುಗಂಧರಾಜ, ಗ್ಲಾಡಿಯೋಲಸ್ ಬೆಳೆಯುವವಳು ನಾನು. ವಿಷದ ಔಷಧಿ ಹೊಡೆಯುವುದಿಲ್ಲ. ಬಡಾವಣೆಯವರು ಗುಡಿಸಿ ಬಿಸಾಡುವ ತರಗೆಲೆಯೇ ನನ್ನ ಗೊಬ್ಬರ. ಬಿಸಿಲೇರುವ ಮೊದಲೇ ಹೂ ಕೊಯ್ದು, ಕಾಂಡದ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತಕ್ಷಣ ನೀರಿಗಿಡುತ್ತೇನೆ. ನೀರು ಹಳಸಿದರೆ ಕಾಂಡ ಕೊಳೆಯುತ್ತದೆ. ಅದಕ್ಕೇ ದಿನಕ್ಕೆರಡು ಬಾರಿ ಬಕೆಟ್ಟು ಉಜ್ಜಿ ತೊಳೆದು ಹೊಸ ನೀರು ತುಂಬಿಸಿ, ಹಳೆಯದನ್ನು ಗಿಡದ ಪಾತಿಗೆ ಸುರಿಯುತ್ತೇನೆ. ಹೂ ಐದಾರು ದಿನ ಬಾಡುವುದಿಲ್ಲ. ಸೊಳ್ಳೆಮರಿಗೆ ರೆಕ್ಕೆ ಬರಲು ವಾರವಾದರೂ ಬೇಕು, ಸ್ವಾಮಿ! ನನ್ನ ನೀರಿಗೆ ಒಂದು ದಿನದ ಆಯುಸ್ಸೂ ಇಲ್ಲ.

ಕಳೆದ ಶುಕ್ರವಾರ ನಿಮ್ಮ ಇಬ್ಬರು ಸಿಬ್ಬಂದಿ ಬಂದರು. ನಮ್ಮ ಗೇಟಿನ ಮುಂದಿನ ಮೋರಿ ಮೂರು ತಿಂಗಳಿಂದ ಕಟ್ಟಿಕೊಂಡಿದೆ. ಅದನ್ನು ಪ್ಯಾಂಟು ಮೇಲೆತ್ತಿಕೊಂಡು ದಾಟಿ ಬಂದು, ನನ್ನ ಬಕೆಟ್ಟುಗಳನ್ನು ನೋಡಿ ಬೆಚ್ಚಿಬಿದ್ದರು.

"ಅಮ್ಮಾ, ನಿಂತ ನೀರು ಇಟ್ಕೊಳ್ಳಂಗಿಲ್ಲ."

"ನೀರೆಲ್ಲಪ್ಪಾ ನಿಂತೈತೆ? ಊವು ನಿಂತವೆ!"

"ನೀರು ಹರೀತಾ ಇದ್ಯಾ? ಇಲ್ವಲ್ಲ! ಅಂದ್ರೆ ನಿಂತಿದೆ. ರೂಲ್ಸ್ ಅಂದ್ರೆ ರೂಲ್ಸ್ ಕಣಮ್ಮಾ."

ಹನ್ನೊಂದನ್ನೂ ಮಗುಚಿದರು. ಹೂವನ್ನು ಸಿಮೆಂಟಿನ ಮೇಲೆ ಮಲಗಿಸಿ, ಬಕೆಟ್ಟುಗಳನ್ನು ಜೀಪಿಗೆ ಏರಿಸಿಕೊಂಡು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಕೇಳಿದ್ದೆ. ಆ ಎಮ್ಮೆ ನಾನೇ ಆಗುತ್ತೇನೆಂದುಕೊಂಡಿರಲಿಲ್ಲ. ಒಂದು ಅನುಮಾನ: ನಿಮ್ಮ ಮನೆಯ ಕುಡಿಯುವ ನೀರು ಲೋಟದಲ್ಲಿ ಓಡಾಡುತ್ತಿರುತ್ತದೆಯೇ?

ಆ ಹೂ ಸಹಕಾರನಗರದ ಲೈಬಾಳ ಹೂವಿನಂಗಡಿಗೆ ಹೋಗಬೇಕಿತ್ತು. ಅವತ್ತಿನದು ಆಕೆಗೆ ಅಲಂಕಾರಕ್ಕೆ ಸಿಕ್ಕಿದ್ದ ಮೊದಲ ಮದುವೆ ಮಂಟಪ. ಉಳಿದ ಹೂವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಒಯ್ದೆ. ಮಧ್ಯಾಹ್ನ ಫೋನು ಬಂತು.

"ಅಕ್ಕಾ, ಮುಹೂರ್ತಕ್ಕೆ ಮುಂಚೇನೇ ಎಲ್ಲಾ ತಲೆ ಬಗ್ಗಿಸ್ಬಿಟ್ವು. ಹುಡುಗಿ ತಾಯಿ ಎಲ್ರ ಮುಂದೇನೇ ಬೈದ್ಬಿಟ್ರು. ಬಕೆಟ್ ವಾಪಸ್ ಬರೋವರ್ಗೂ ನಿಮ್ ಹೂ ಬೇಡ ಅಕ್ಕಾ, ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಂಡೆ. ಕೂತು ಅತ್ತೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹೂ ನಂಬಿ ಎಲ್ಲರೆದುರು ತಲೆ ತಗ್ಗಿಸಿದವಳು ಅವಳು. ಆದರೆ ನಾನು ಬೆಳೆದದ್ದನ್ನು ಕೊಳ್ಳುವವಳೂ ಅವಳೊಬ್ಬಳೇ.

ಬುಧವಾರ ಮತ್ತೆ ಕೊಯ್ಲು. ಮೊಗ್ಗುಗಳಿಗೆ ನಿಮ್ಮ ಕಚೇರಿಯ ವೇಳೆ ಗೊತ್ತಿಲ್ಲ. ಅಷ್ಟರೊಳಗೆ ಬಕೆಟ್ಟುಗಳು ಬರಬೇಕು. ಜೊತೆಗೆ, ಹೂವಿನ ನೀರನ್ನು ಯಾರೂ ಮುಟ್ಟಕೂಡದೆಂದು ನಿಮ್ಮ ಕೈಯಾರೆ ಬರೆದ ಒಂದು ಸಾಲು. ಬರದಿದ್ದರೆ, ಕೊಯ್ದ ಹೂವನ್ನೆಲ್ಲ ತಂದು ನಿಮ್ಮ ಮೇಜಿನ ಮೇಲೆ ಒಣಗಲು ಮಲಗಿಸುತ್ತೇನೆ. ಬಾಡಲು ಮೂರು ಗಂಟೆ ಸಾಕು. ಈ ಸಲ ನೀವು ಕೂತು ನೋಡಿ. ಒಬ್ಬಳೇ ನೋಡಿ ನನಗೆ ಸಾಕಾಗಿದೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಸೊಳ್ಳೆ ಸಾಕುವವಳಾದ,
ಮುನಿಕೃಷ್ಣಮ್ಮ, ಕೋಗಿಲು