ಸ್ವೆಟರಿನ ಎರಡನೆಯ ಗುಂಡಿ

ಮನೆ, ಮುಂದಿನ ಕೋಣೆ
ಫೆಬ್ರವರಿ 12, ಗುರುವಾರ

ಪ್ರೀತಿಯ ಅಮ್ಮಾ,

ನನ್ನ ಅಕ್ಷರ ನೋಡಿ ಮೊದಲು ನಕ್ಕುಬಿಡು, ಆಮೇಲೆ ಓದು. ಐದನೆಯ ಕ್ಲಾಸಿಗೇ ಸ್ಕೂಲು ಬಿಟ್ಟ ಕೈ ಇದು, ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುತ್ತದೆ. ತಪ್ಪಿದ್ದ ಕಡೆ ನೀನೇ ತಿದ್ದಿಕೋ. ಅಕ್ಕನಿಗೆ ಮಾತ್ರ ತೋರಿಸಬೇಡ, ಅವಳು ಕೆಂಪು ಪೆನ್ನು ಹಿಡಿದು ಕೂರುತ್ತಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನೀನು “ಇದ್ದೀಯೇನೇ? ಇದ್ದೀಯಾ?” ಅಂತ ಕೇಳಿ ಕೇಳಿ, ಕೊನೆಗೆ “ಸರಿ, ಅಪ್ಪನಿಗೆ ಕೊಡು” ಅನ್ನುತ್ತೀಯ.

ಅಕ್ಕ ಹೇಗಿದ್ದಾಳೆ? ಡಾಕ್ಟರು ಹೇಳಿದ ಹಾಗೆ ಮಲಗೇ ಇದ್ದಾಳಾ, ಇಲ್ಲಾ ನೀನು ಸ್ನಾನಕ್ಕೆ ಹೋದ ತಕ್ಷಣ ಎದ್ದು ಕಿಟಕಿ ಒರೆಸುತ್ತಾಳಾ? ಹೋದ ಸಲ ಆದ ಹಾಗೆ ಈ ಸಲ ಆಗಬಾರದು ಅಂತ ನಾನು ಕೆಲಸ ಮಾಡುತ್ತಲೇ ಅಂದುಕೊಳ್ಳುತ್ತಿರುತ್ತೇನೆ. ಮಗು ಈಗ ಒದೆಯುತ್ತದಂತೆ, ಅಪ್ಪ ಹೇಳಿದರು. ನನ್ನ ಪರವಾಗಿ ಅವಳ ಹೊಟ್ಟೆಯ ಮೇಲೊಮ್ಮೆ ಕೈಯಿಡು. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಅಪ್ಪನ ಕೆಮ್ಮು ಕಡಿಮೆಯಾಗಿದೆ. ನಿನ್ನ ತಮ್ಮ ಗಡಿಬಿಡಿ ಮಾವ ಎಂದಿನ ಹಾಗೇ ಇದ್ದಾರೆ. ಶವದ ಗಾಡಿಯ ಸ್ಟೇರಿಂಗ್ ಹಿಡಿದರೆ ಸೈಕಲ್ಲಿನವರೂ ಅವರನ್ನು ಹಿಂದೆ ಹಾಕಿ ಹೋಗುತ್ತಾರೆ, ಗಾಡಿಯಿಂದ ಇಳಿದರೆ ಮಾತ್ರ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅಪ್ಪನದು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ಹಿಂದಿನ ಕೋಣೆಯ ಕೆಲಸಕ್ಕೆ ತೊಂದರೆಯಾಗಲಿಲ್ಲ. ತೀರಿಕೊಂಡವರ ಮೈ ಒರೆಸುವುದು, ತಲೆ ಬಾಚುವುದು, ಬಟ್ಟೆ ತೊಡಿಸುವುದು, ಎಲ್ಲ ನೀನು ಕಲಿಸಿದ ಹಾಗೆಯೇ, “ಈಗ ನಿಮ್ಮ ಕೈ ಎತ್ತುತ್ತೀನಿ ತಾತಾ” ಅಂತ ಮೊದಲೇ ಹೇಳಿ ಮಾಡುತ್ತೇನೆ. ಅವರ ಹತ್ತಿರ ನನಗೆ ಮಾತು ಬರುತ್ತದೆ. ಬದುಕಿರುವವರ ಮುಂದೆಯೇ ಬರದಿರುವುದು. ಹಾಗಾಗಿ ಮನೆಯವರನ್ನು ಕೂರಿಸಿ ಮಾತಾಡಿಸುವ ಮುಂದಿನ ಕೋಣೆಯಲ್ಲಿ ನಿನ್ನ ಜಾಗದಲ್ಲಿ ಅಪ್ಪ ಕೂತರು. ಶವದ ಪೆಟ್ಟಿಗೆ ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರಿಲ್ಲ ನಿಜ, ಆದರೆ ಎದುರಿಗಿದ್ದವರು ಅತ್ತರೆ ಅವರಿಗೆ ಗಾಬರಿ. ಗಾಬರಿಯಾದರೆ ಬಾಯಿಗೆ ಬರುವುದು ಮರದ ವಿಷಯ. ಗಂಡನನ್ನು ಕಳೆದುಕೊಂಡು ಬಂದ ಟೀಚರಮ್ಮನಿಗೆ “ಇದು ಒಳ್ಳೇ ಮರ ನೋಡಿ, ನೂರು ವರ್ಷ ಬಾಳುತ್ತೆ” ಅಂದುಬಿಟ್ಟರು. ಆಕೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಕರೆದರೂ ಒಳಗೆ ಬರಲಿಲ್ಲ.

ಅವತ್ತು ಅಪ್ಪನಿಗೆ ಅನ್ನ ಸೇರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, “ನನ್ನಿಂದ ಆಗಲ್ಲ ಕಣೇ. ನೀನಂತೂ ಬಾಯಿ ಬಿಡಲ್ಲ. ಭಾನುವಾರ ಫೋನ್ ಮಾಡಿ ನಿಮ್ಮಮ್ಮನ್ನ ಕರೆಸ್ಬಿಡ್ತೀನಿ” ಅಂದರು. ನೀನು ಬಂದರೆ ಅಕ್ಕನನ್ನು ನೋಡಿಕೊಳ್ಳುವವರು ಯಾರು? ಭಾವನ ಹಡಗು ದಡ ಸೇರುವುದು ಯಾವಾಗಲೋ. ಇಷ್ಟನ್ನು ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ, ತಟ್ಟೆ ತೊಳೆದೆ.

ಸೋಮವಾರ ಮೂಲೆಯಂಗಡಿಯ ದರ್ಜಿ ತಾತನ ಹೆಂಡತಿ ತೀರಿಕೊಂಡರು ಅಮ್ಮಾ. ನಿದ್ದೆಯಲ್ಲೇ ಅಂತೆ. ಅಂಗಡಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಅಳತೆ ಕೊಡಲು ಬಂದವರಿಗೆಲ್ಲ “ಹೋದ ವರ್ಷಕ್ಕಿಂತ ಒಂದು ಗೇಣು ಜಾಸ್ತಿ ಇಡಿಸು, ಸುಳ್ಳು ಹೇಳಬೇಡ” ಅಂತ ಕಿಚಾಯಿಸುತ್ತಿದ್ದರಲ್ಲ, ಅವರೇ. ಹೊಸ ಬಟ್ಟೆ ಬೇಡ, ದಿನಾ ಹಾಕಿಕೊಳ್ಳುತ್ತಿದ್ದದ್ದನ್ನೇ ತನ್ನಿ ಅಂತ ನೀನು ಎಲ್ಲರಿಗೂ ಹೇಳುವ ಮಾತನ್ನು ಅಪ್ಪ ಮರೆಯದೆ ಹೇಳಿದ್ದರು. ತಾತ ಹೆಂಡತಿಯ ಬೂದು ಬಣ್ಣದ ಸ್ವೆಟರ್ ಕಳಿಸಿದರು. ಮೊಣಕೈ ಹತ್ತಿರ ತೆಳ್ಳಗಾಗಿತ್ತು, ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ, ಅಲ್ಲೊಂದು ದಾರದ ತುಂಡು ಮಾತ್ರ ನೇತಾಡುತ್ತಿತ್ತು. ನಾನು ನಿನ್ನ ಗುಂಡಿ ಡಬ್ಬಿ ಪೂರ್ತಿ ಸುರುವಿಕೊಂಡು ಹುಡುಕಿದೆ. ಹೆಚ್ಚುಕಡಿಮೆ ಅದೇ ಬಣ್ಣದ್ದು ಸಿಕ್ಕಿತು. ನಿನ್ನಾಣೆ ಅಮ್ಮಾ, ಯಾವುದು ಹಳೆಯದು ಯಾವುದು ಹೊಸದು ಅಂತ ಯಾರಿಗೂ ತಿಳಿಯದ ಹಾಗೆ ಹೊಲಿದೆ. ಸ್ವೆಟರ್ ತೊಡಿಸಿ, ಅಷ್ಟೂ ಗುಂಡಿ ಹಾಕಿ, ಕಾಲರ್ ಸರಿಮಾಡಿ ದೂರ ನಿಂತು ನೋಡಿ ಖುಷಿಪಟ್ಟೆ.

ನೀನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ನೀನು ಯಾವಾಗಲೂ ಮನೆಯವರಿಗೆ ಅಂತ ಒಂದು ಸಣ್ಣ ಕೆಲಸ ಉಳಿಸಿರುತ್ತೀಯ, ಒಂದು ಗುಂಡಿಯನ್ನೋ ಹಣೆಯ ಮೇಲೊಂದು ಎಳೆ ಕೂದಲನ್ನೋ. ಅದನ್ನು ನಾನು ಮರೆತಿರಲಿಲ್ಲ. ಆದರೆ ಕೆಲಸ ಉಳಿಸಿದರೆ ಹೊರಗೆ ಹೋಗಿ “ಬನ್ನಿ, ಇದೊಂದನ್ನು ನೀವು ಮಾಡಿ” ಅಂತ ಹೇಳಬೇಕಲ್ಲ. ಅದಕ್ಕೇ ಎಲ್ಲ ಮುಗಿಸಿಬಿಟ್ಟೆ.

ಮಂಗಳವಾರ ಬೆಳಿಗ್ಗೆ ತಾತ ಒಬ್ಬರೇ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯುವುದನ್ನು ಮರೆತಿದ್ದರು. ನಾನು ಪರದೆಯ ಹಿಂದೆ ನಿಂತಿದ್ದೆ. ಅವರು ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಕೈ ಸ್ವೆಟರಿಗೆ ಹೋಯಿತು. ಹೆಬ್ಬೆರಳು ಎರಡನೆಯ ಗುಂಡಿಯ ಮೇಲೆ ನಿಂತಿತು.

“ಇದನ್ನ ಯಾರು ಹಾಕಿದ್ದು?” ಅಂದರು. ಅಪ್ಪನಿಗೆ ಹೆಮ್ಮೆ. “ನಮ್ಮ ಚಿಕ್ಕವಳು. ಗೊತ್ತೇ ಆಗಲ್ಲ ಅಲ್ವಾ?” ಅಂದರು. ತಾತ ಜೇಬಿಗೆ ಕೈ ಹಾಕಿ ಒಂದು ಗುಂಡಿ ತೆಗೆದು ಅಂಗೈ ಮೇಲಿಟ್ಟುಕೊಂಡರು. ಬೂದು ಬಣ್ಣದ್ದು, ಸ್ವೆಟರಿನ ಸ್ವಂತ ಗುಂಡಿ. “ಹೋದ ಚಳಿಗಾಲ ಪೂರ್ತಿ ಕೇಳಿದ್ಳು. ಊರವರಿಗೆಲ್ಲ ಗುಂಡಿ ಹಾಕ್ತೀಯಾ, ನಿನ್ನ ಹೆಂಡ್ತಿ ಸ್ವೆಟರಿಗೆ ನಿನಗೆ ಪುರುಸೊತ್ತಿಲ್ಲ ಅಂತ. ನಾಳೆ ಹಾಕ್ತೀನಿ ಇರೇ ಅಂತಿದ್ದೆ. ಇವತ್ತು ಸೂಜಿ ತಂದಿದ್ದೆ” ಅಂದರು. ಆಮೇಲೆ ಮುಷ್ಟಿ ಮುಚ್ಚಿಕೊಂಡರು.

ಅಪ್ಪ ಬಾಯಿ ತೆರೆದರು. ಮರ ಬರುತ್ತದೆ ಅಂತ ನನಗೆ ಗೊತ್ತಾಯಿತು.

ಪರದೆ ಯಾವಾಗ ಸರಿಸಿದೆನೋ ತಿಳಿಯದು. ನೋಡಿದರೆ ತಾತನ ಪಕ್ಕದಲ್ಲಿ ನಿಂತಿದ್ದೆ, ಕೈಯಲ್ಲಿ ಕತ್ತರಿ ಇತ್ತು. “ತಪ್ಪಾಯ್ತು ತಾತಾ. ನನ್ನದನ್ನ ಬಿಚ್ಚಿಬಿಡ್ತೀನಿ, ನೀವೇ ಹಾಕಿ” ಅಂದೆ. ಅದು ನನ್ನ ದನಿಯೇ. ಗಡಿಬಿಡಿ ಮಾವ ಹೊರಗೆ ಗಾಡಿ ಒರೆಸುತ್ತಿದ್ದವರು ಯಾರು ಬಂದರು ಅಂತ ಬಗ್ಗಿ ನೋಡಿದರಂತೆ. ನಾನು ನನ್ನ ಹೊಲಿಗೆ ಕತ್ತರಿಸಿ ಗುಂಡಿ ತೆಗೆದೆ. ತಾತ ಎಷ್ಟು ಸಲ ನೋಡಿದರೂ ಸೂಜಿಗೆ ದಾರ ಹೋಗಲಿಲ್ಲ, ಪೋಣಿಸಿ ಕೊಟ್ಟೆ. ನಿನ್ನ ಕುರ್ಚಿ ಎಳೆದು ಅವರನ್ನು ಕೂರಿಸಿ, ಇನ್ನೊಂದನ್ನು ಪಕ್ಕಕ್ಕೆ ಹಾಕಿಕೊಂಡು ಕೂತೆ. ಎದುರು ಕೂತರೆ ಪೊಲೀಸರ ಥರ, ಪಕ್ಕ ಕೂತರೆ ನೆಂಟರ ಥರ ಅನ್ನುತ್ತೀಯಲ್ಲ, ಹಾಗೆ. ಸ್ವೆಟರಿನ ಅಂಚನ್ನು ಹಿಡಿದುಕೊಂಡೆ. ಅವರು ಹೊಲಿದರು, ಮಧ್ಯೆ ಮಧ್ಯೆ ಹೆಂಡತಿಗೆ “ಅಲ್ಲಾಡಬೇಡ್ವೇ, ಚುಚ್ಚುತ್ತೆ” ಅನ್ನುತ್ತಿದ್ದರು. ದಾರವನ್ನು ಹಲ್ಲಿನಲ್ಲೇ ಕಡಿದರು. “ತಗೋ, ಆಯ್ತಲ್ಲ. ಇನ್ನು ಬೈಬೇಡ” ಅಂದರು.

ಆಮೇಲೆ ನನ್ನ ಕಡೆ ತಿರುಗಿ, “ನೀನು ಹಾಕಿದ್ದೇ ಚೆನ್ನಾಗಿತ್ತು ಮಗಾ, ನಂದು ಸೊಟ್ಟಗಾಯ್ತು” ಅಂತ ನಕ್ಕರು. ನಗುತ್ತಿದ್ದವರು ಅಳತೊಡಗಿದರು. ನನಗೆ ಗಾಬರಿಯಾಗಲಿಲ್ಲ ಅಮ್ಮಾ, ಯಾಕೋ ಗೊತ್ತಿಲ್ಲ. ಸ್ವೆಟರಿನ ಅಂಚು ಹಿಡಿದೇ ಕೂತಿದ್ದೆ. ಅಳು ತಗ್ಗಿದ ಮೇಲೆ ನೀನು ಕೇಳುವ ಹಾಗೆ, “ಅವರು ನಿಮ್ಮನ್ನ ಏನಂತ ಕರೀತಿದ್ರು?” ಅಂತ ಕೇಳಿದೆ. “ಟೇಪು” ಅಂದರು, ಕೊರಳು ಮುಟ್ಟಿ ನೋಡಿಕೊಂಡು. ಅಲ್ಲಿಂದ ಶುರುವಾದ ಮಾತು ಅಪ್ಪ ತಂದಿಟ್ಟ ನೀರಿನ ಹೂಜಿ ಖಾಲಿಯಾಗುವವರೆಗೂ ನಡೆಯಿತು. ಹೋಗುವಾಗ ನೆಟ್ಟಗೆ ನಡೆದು ಹೋದರು. ಮರುದಿನ ಅವರ ಹೆಂಡತಿಯನ್ನು ಕಳಿಸಿಕೊಡುವಾಗಲೂ ನಾನೇ ಪಕ್ಕದಲ್ಲಿ ನಿಂತಿದ್ದೆ.

ಅಪ್ಪ ನನ್ನನ್ನು ಹೊಗಳಲಿಲ್ಲ, ನಿನಗೆ ಗೊತ್ತಲ್ಲ ಅವರ ಸ್ವಭಾವ. “ಇನ್ನು ನಾನು ಹಿಂದುಗಡೆ ಮರದ ಜೊತೆಗೇ ಮಾತಾಡ್ಕೊಂಡಿರ್ತೀನಿ, ಅದು ಎದ್ದು ಹೋಗಲ್ಲ” ಅಂದರು. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ, “ಒಂದು ಸಲ ಆಯ್ತು ಸರಿ, ದಿನಾ ಆಗುತ್ತಾ?” ಅಂತ. ನನಗೂ ಅದೇ ಅನುಮಾನ ಇತ್ತು. ಇವತ್ತು ಬೆಳಿಗ್ಗೆಯವರೆಗೂ ಇತ್ತು.

ಅಕ್ಕನಿಗೆ ನನ್ನ ನೆನಪು ಹೇಳು. ಹೊಟ್ಟೆಯೊಳಗಿರುವ ಪುಟ್ಟ ಜೀವಕ್ಕೆ ಚಿಕ್ಕಮ್ಮನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಕಾಲಿಗೆ ಕಂಬಳಿ ಹೊದ್ದುಕೋ.

ನಿನ್ನ ಚಿಕ್ಕವಳು

ಮರೆತಿದ್ದೆ: ಮಾವ ಪೋಸ್ಟಿಗೆ ಹಾಕಲು ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಭಾನುವಾರ ಅಪ್ಪ ಫೋನ್ ಮಾಡಿ ಬಾ ಅಂದರೆ ಬರಬೇಡ ಅಮ್ಮಾ. ಮಗು ನಿನ್ನ ಕೈಗೆ ಬರುವವರೆಗೆ ಅಲ್ಲೇ ಇರು. ಮುಂದಿನ ಕೋಣೆ ನಾನು ನೋಡಿಕೊಳ್ಳುತ್ತೇನೆ. ನಂಬಿಕೆ ಬರದಿದ್ದರೆ ಕೇಳು: ಇವತ್ತು ಬೆಳಿಗ್ಗೆ, ತೀರಿಕೊಂಡ ಬಸ್ ಡ್ರೈವರ್ ತಾತನಿಗೆ ಅಂಗಿ ತೊಡಿಸಿ, ಮೇಲಿನ ಗುಂಡಿಯೊಂದನ್ನು ಹಾಗೇ ಬಿಟ್ಟು, ಹೊರಗೆ ಹೋಗಿ ಅವರ ಮಗಳನ್ನು ನಾನೇ ಒಳಗೆ ಕರೆದೆ.