ರೌಂಡ್ಸ್ ದಿನದ ಹಾಸಿಗೆ

ಪೀಣ್ಯ
೧೦-೮-೧೯೭೯, ಶುಕ್ರವಾರ

ಪ್ರೀತಿಯ ಮುನಿಯಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುತ್ತಿಲ್ಲ. ಈ ಕಾಗದವನ್ನು ಭಾವನಿಗೆ ತೋರಿಸು, ಅಪ್ಪನ ಕಣ್ಣಿಗೆ ಮಾತ್ರ ಬೀಳದಂತೆ ನೋಡಿಕೋ.

‘ನನ್ನ ತಂಗಿ ಆಸ್ಪತ್ರೆಯಲ್ಲಿ ಸೂಜಿ ಹಾಕುತ್ತಾಳೆ’ ಅಂತ ಜಿಗಣಿಯಲ್ಲಿ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀಯಲ್ಲ, ದಯವಿಟ್ಟು ನಿಲ್ಲಿಸು. ನರ್ಸಿಂಗ್ ಓದಿನ ಎರಡನೇ ವರ್ಷ ಮುಗಿಯುತ್ತ ಬಂತು, ಹಾಸಿಗೆಗೆ ಸುಕ್ಕಿಲ್ಲದಂತೆ ಬಟ್ಟೆ ಹಾಸುವುದೊಂದು ಬಿಟ್ಟು ನನಗೆ ಬೇರೇನೂ ಬಂದಿಲ್ಲ. ಇಂಜೆಕ್ಷನ್ ಕೊಡುವುದನ್ನು ಹೇಳಿಕೊಡಿ ಅಂದರೆ ವಾರ್ಡ್ ಸಿಸ್ಟರ್ ‘ಮೊದ್ಲು ಆ ಮೂಲೆ ನೆಟ್ಟಗೆ ಮಡಿಸಮ್ಮ’ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಶುಕ್ರವಾರ ದೊಡ್ಡ ಡಾಕ್ಟರ ರೌಂಡ್ಸ್. ಬೆಳಿಗ್ಗೆಯೇ ಒಗೆದ ಬಟ್ಟೆ ಹಾಸಿ, ಅದು ಸುಕ್ಕಾಗದಿರಲಿ ಅಂತ ಎದ್ದು ಕೂರಬಲ್ಲ ರೋಗಿಗಳನ್ನೆಲ್ಲ ವರಾಂಡದ ಬೆಂಚಿಗೆ ಕಳಿಸುತ್ತೇವೆ. ಡಾಕ್ಟರ ಕಾರು ಗೇಟಿಗೆ ಬಂದ ಮೇಲೇ ಅವರು ಒಳಗೆ ಬಂದು ಮಲಗಬೇಕು. ಹೋದ ವಾರ ಕಾರು ಎಷ್ಟು ಹೊತ್ತಾದರೂ ಬರಲಿಲ್ಲ. ಪಿಳ್ಳಮ್ಮ ಅಂತ ಒಬ್ಬರಿದ್ದಾರೆ, ಹೊಟ್ಟೆಯ ಆಪರೇಷನ್ ಆಗಿದೆ, ಹೊಲಿಗೆಯಲ್ಲಿ ಕೀವಾಗಿದೆ. ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಬೆವರುತ್ತಿದ್ದರು. ‘ಒಂದ್ ಗಳಿಗೆ ಒರಗ್ಕೊಂತೀನಿ ಕಣವ್ವ’ ಅಂದರು. ಕರೆದುಕೊಂಡು ಹೋಗಿ ಮಲಗಿಸಿದೆ.

ಡಾಕ್ಟರು ಬರುವ ಹೊತ್ತಿಗೆ ಬಿಳಿ ಬಟ್ಟೆಗೆ ಕೀವಿನ ಕಲೆ ಆಗಿತ್ತು. ಈ ಹಾಸಿಗೆ ಯಾರದು ಅಂತ ಕೇಳಿದರು. ಸಿಸ್ಟರ್ ಎಲ್ಲರೆದುರು ನನಗೆ ಮಂಗಳಾರತಿ ಎತ್ತಿದರು. ನನಗೂ ರೇಗಿತು. ಹಾಸಿಗೆ ಇರೋದು ಮಲಗೋಕೆ ತಾನೇ ಸಿಸ್ಟರ್ ಅಂದುಬಿಟ್ಟೆ. ಈಗ ಕಲೆಯ ಮಾತು ಹೋಗಿ, ಎದುರು ಮಾತಾಡಿದ್ದೇ ದೊಡ್ಡ ಅಪರಾಧವಾಗಿದೆ. ಮನೆಯವರು ಬಂದು ತಪ್ಪೊಪ್ಪಿಗೆಗೆ ಸಹಿ ಹಾಕದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ.

ಅಪ್ಪ ಬಂದರೆ ಸಹಿ ಹಾಕುವುದಿಲ್ಲ, ನನ್ನ ಟ್ರಂಕನ್ನೂ ನನ್ನನ್ನೂ ಬಸ್ಸಿಗೆ ಹತ್ತಿಸುತ್ತಾನೆ. ಕಂಡವರ ಮೈ ತೊಳೆಯೋ ಕೆಲಸ ನಮ್ಮನೆ ಹೆಣ್ಣಿಗ್ಯಾಕೆ ಅಂತ ಕುಣಿದಾಡಿದ್ದು ನಿನಗೂ ಗೊತ್ತು. ಹೋದರೆ ಮತ್ತೆ ಇಲ್ಲಿಗೆ ಬರುವ ಮಾತೇ ಇಲ್ಲ. ಆದ್ದರಿಂದ ಮುಂದಿನ ಸೋಮವಾರ ಭಾವನನ್ನು ಕಳಿಸು. ಯೂನಿಯನ್ ಮೀಟಿಂಗಿನಲ್ಲಿ ಮಾತಾಡಿ ರೂಢಿ ಅವರಿಗೆ, ಇಲ್ಲಿ ಮಾತ್ರ ಬಾಯಿ ಬಿಡದೆ ಸಹಿ ಹಾಕಿ ಹೋಗಲಿ.

ಒಂದು ಮಾತು ಅಕ್ಕ. ಸಹಿ ಹಾಕಿಸಿದರೂ ನಾನು ತಪ್ಪು ಮಾಡಿಲ್ಲ. ಇನ್ನೊಂದು ಸಲ ಅಂಥದ್ದೇ ಬಂದರೂ ನಾನು ಮಾಡುವುದು ಅದನ್ನೇ. ನೀನು ಚಿಂತೆ ಮಾಡಬೇಡ, ಮಕ್ಕಳಿಗೆ ನನ್ನ ಮುತ್ತು.

ಇಂತಿ ನಿನ್ನ ತಂಗಿ,
ಮುನಿರತ್ನ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇನ್ನೊಂದು ಸಲವೂ ಅದನ್ನೇ ಮಾಡುತ್ತೇನೆ ಅಂತ ಕೊನೆಯಲ್ಲಿ ಬರೆದದ್ದು ನಿಜವಲ್ಲ. ಇವತ್ತೂ ರೌಂಡ್ಸ್ ಇತ್ತು. ಪಿಳ್ಳಮ್ಮನವರನ್ನು ಎಬ್ಬಿಸಿ ಬೆಂಚಿಗೆ ಕೂರಿಸಿದ್ದು ನಾನೇ. ಸ್ವಲ್ಪ ಹೊತ್ತಿಗೆ ನನ್ನ ಮುಖ ನೋಡಿದರು, ನಾನು ಆ ಕಡೆ ತಿರುಗಿಕೊಂಡೆ. ‘ಬೇಜಾರ್ ಮಾಡ್ಕೊಬ್ಯಾಡ ಕಣವ್ವ, ನಾನ್ ಇಂಗೇ ಕುಂತಿರ್ತೀನಿ, ನಿನ್ ಓದು ಕೆಡಬಾರ್ದು’ ಅಂತ ಅವರೇ ನನಗೆ ಸಮಾಧಾನ ಹೇಳಿದರು.