ಈಜು ಬಾರದ ಮೀನಿಗೆ ಮೊದಲ ಬಹುಮಾನ

ಅಲಂಕಾರಿಕ ಮೀನು ಪ್ರದರ್ಶನದ ತೀರ್ಪುಗಾರರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನೀವು ಕಳೆದ ವರ್ಷ ಮೊದಲ ಬಹುಮಾನ ಕೊಟ್ಟ ಮೀನಿಗೆ ಈಜಲು ಬರುವುದಿಲ್ಲ. ಯಾರೋ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾರೆಂದು ತಳ್ಳಿಹಾಕಬೇಡಿ. ಆ ಮೀನು ಈಗ ನಮ್ಮ ಮನೆಯಲ್ಲೇ ಇದೆ, ಮತ್ತು ನಾನು ವೃತ್ತಿಯಲ್ಲಿ ಈಜು ಮಾಸ್ತರ. ನೀರು ಕಂಡರೆ ಕಿರುಚುತ್ತಿದ್ದ ವಕೀಲರು, ಹೆಂಡತಿಯ ಕಾಟಕ್ಕೆ ಬಂದು ಮೆಟ್ಟಿಲಿನ ಕಂಬಿಯನ್ನೇ ಬಿಡದಿದ್ದ ಅಂಗಡಿಯವರು, ಎಲ್ಲರನ್ನೂ ಈ ದಡದಿಂದ ಆ ದಡಕ್ಕೆ ಮುಟ್ಟಿಸಿದ್ದೇನೆ. ನನ್ನ ಕೈಯಲ್ಲಿ ಫೇಲಾದ ಶಿಷ್ಯ ಒಬ್ಬನೇ. ಅವನು ಮೀನು.

ನಾನು ದಿನವಿಡೀ ಕೊಳದಲ್ಲಿ ನೆನೆಯುತ್ತಿದ್ದರೆ ಮನೆಯಲ್ಲಿ ಅಮ್ಮನಿಗೆ ಮಾತಾಡಲು ಯಾರಾದರೂ ಬೇಕಿತ್ತು. ಅದಕ್ಕೇ ನಿಮ್ಮ ಪ್ರದರ್ಶನಕ್ಕೆ ಬಂದೆವು. ಚೆಂಡಿನಂಥ ಮೈ, ಸೆರಗಿನಂಥ ಬಾಲ, ತೊಟ್ಟಿಯ ತಳದಲ್ಲಿ ಸುಮ್ಮನೆ ಕೂತ ಗೋಲ್ಡ್‌ಫಿಶ್ ಮೀನು. ತಾವು ಮೈಕಿನಲ್ಲಿ, "ಆಹಾ, ಎಂಥ ಗಾಂಭೀರ್ಯ! ಕದಲುವುದೇ ಇಲ್ಲ ನೋಡಿ!" ಎಂದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಕದಲಲು ಆಗುತ್ತಿಲ್ಲವೇನೋ ಎಂಬ ಅನುಮಾನ ಅಲ್ಲಿದ್ದ ಒಬ್ಬರಿಗಾದರೂ ಬರಬೇಡವೇ? ಸಾಕಿದವನಿಂದ ಅದನ್ನೇ ಕೊಂಡೆವು. ಅವನು ಅದೇ ತಾಯಿಯ, ಅದೇ ಸಲದ ಮೊಟ್ಟೆಗಳಿಂದ ಬಂದ ಇನ್ನೊಂದನ್ನು ಪುಕ್ಕಟೆ ಕೊಟ್ಟ. "ತಗೊಳ್ಳಿ ಅಮ್ಮ, ಇದು ರಿಜೆಕ್ಟ್ ಮಾಲು. ಮೈ ಉದ್ದ ಆಗ್ಬಿಡ್ತು, ಬಹುಮಾನಕ್ಕೆ ಬರಲ್ಲ." ಚಾಂಪಿಯನ್‌ಗೆ ಅಮ್ಮ ಗುಂಡಣ್ಣ ಎಂದು ಹೆಸರಿಟ್ಟಳು. ರಿಜೆಕ್ಟ್ ಮಾಲಿಗೆ ಕಡ್ಡಿ.

ಕೆಲವೇ ತಿಂಗಳಿಗೆ ಗುಂಡಣ್ಣನ ಗಾಂಭೀರ್ಯ ಎಷ್ಟು ಹೆಚ್ಚಿತೆಂದರೆ, ಅವನು ತಳದಲ್ಲಿ ಪಕ್ಕಕ್ಕೆ ವಾಲಿಕೊಂಡು ಮಲಗಿಯೇಬಿಟ್ಟ. ಮೇಲೆ ತೇಲುವ ಕಾಳನ್ನು ಕಡ್ಡಿ ತಿಂದು ಮುಗಿಸುತ್ತಿದ್ದರೆ ಇವನು ಕೆಳಗಿನಿಂದ ಬಾಯಿ ತೆರೆದು ಮುಚ್ಚುತ್ತಿದ್ದ. ಪಶುವೈದ್ಯರು ನೋಡಿ ವಿವರಿಸಿದರು: ಗುಂಡಗಿರುವುದನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ, ಬೆನ್ನೆಲುಬು ಮೊಟಕಾಗಿದೆ, ಒಳಗೆ ಕರುಳಿಗೂ ಗಾಳಿಚೀಲಕ್ಕೂ ಜಾಗ ಸಾಲುತ್ತಿಲ್ಲ. ನೀರಿನಲ್ಲಿ ಸಮತೋಲ ಕಾಯುವುದೇ ಆ ಚೀಲ. ಕಡ್ಡಿಯಂಥ ಮೈಯಿದ್ದರೆ, ಚೆನ್ನಾಗಿ ನೋಡಿಕೊಂಡರೆ, ಈ ಜಾತಿ ಇಪ್ಪತ್ತು ವರ್ಷ ಬದುಕಿದ್ದೂ ಉಂಟಂತೆ. ಗುಂಡಗಿನವು ಎಷ್ಟೋ ಸಲ ಅದರ ಅರ್ಧವನ್ನೂ ಕಾಣುವುದಿಲ್ಲವಂತೆ.

ಸಾಕಿದವನಿಗೆ ಫೋನ್ ಮಾಡಿದೆ. "ಸಾರ್, ಅದು ನೋಡೋಕಿರೋ ಮೀನು. ಈಜೋದೆಲ್ಲ ಯಾಕೆ ಕೇಳ್ತೀರಿ? ಜಡ್ಜುಗಳಿಗೆ ಗುಂಡಗೆ ಬೇಕು, ನಾವು ಗುಂಡಗೆ ಮಾಡ್ತೀವಿ" ಎಂದ. ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅಂಕ ಕೊಡುವ ಕೈ ತಮ್ಮದು. ಹೊಟ್ಟೆಗೆ ಇಷ್ಟು, ಬಾಲಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದು ಅಂಕ ಹಂಚಿದ ಮಹನೀಯರಿಗೆ ಮೀನು ಈಜುವ ಪ್ರಾಣಿ ಎಂಬುದು ಮರೆತೇಹೋಯಿತೇ? ಹಾಡು ಬಾರದವರಿಗೆ ಒಳ್ಳೆಯ ಶಾಲು ಹೊದ್ದಿದ್ದಾರೆಂದು ಸಂಗೀತದ ಬಹುಮಾನ ಕೊಡುತ್ತೀರಾ?

ಕೊನೆಗೆ ಮಕ್ಕಳು ಹಿಡಿದು ಕಾಲು ಬಡಿಯುವ ತೇಲುಹಲಗೆಯ ತುದಿ ಕತ್ತರಿಸಿದೆ. ಆ ತುಂಡನ್ನು ಗುಂಡಣ್ಣನ ಬೆನ್ನಿಗೆ ಕಟ್ಟಲು ಅಮ್ಮ ಹಳೆಯ ಸೊಳ್ಳೆಪರದೆಯಿಂದ ಪುಟ್ಟ ಬೆಲ್ಟು ಹೊಲಿದಳು. ಬೆಳಿಗ್ಗೆ ಅವಳು ಅದನ್ನು ಕಟ್ಟುತ್ತಾಳೆ, ಸಂಜೆ ಬಿಚ್ಚುತ್ತಾಳೆ. ಮೊದಲ ದಿನ ಗುಂಡಣ್ಣ ನೆಟ್ಟಗೆ ನಿಂತು, ಬಾಲ ಬಡಿದು, ಒಂದು ಗೇಣು ಮುಂದೆ ಹೋಗಿ ಕಾಳು ತಿಂದ. ಕೊಳದಲ್ಲಿ ಸಿಳ್ಳೆ ಊದಿ ಎಲ್ಲರನ್ನೂ ನಡುಗಿಸುವ ನಾನು ಮೀನಿನ ಮುಂದೆ ಅತ್ತುಬಿಟ್ಟೆ.

ಇಷ್ಟಾದ ಮೇಲೆ ಮೊನ್ನೆ ತಮ್ಮ ಕಚೇರಿಯಿಂದ ಫೋನ್. ಈ ವರ್ಷದ ಪ್ರದರ್ಶನಕ್ಕೆ ಚಾಂಪಿಯನ್‌ನನ್ನು ತರಬೇಕಂತೆ, ಆಮೇಲೆ ಅವನು ತಮ್ಮ ತಳಿ ಕೇಂದ್ರದಲ್ಲೇ ಉಳಿಯಬೇಕಂತೆ. "ಅವನ ಮರಿಗಳು ಇನ್ನೂ ಗುಂಡಗೆ ಬರ್ತವೆ ಸಾರ್!" ಎಂದು ತಮ್ಮ ಗುಮಾಸ್ತರ ಸಂಭ್ರಮ. ಅಮ್ಮನಿಗೆ ಹೇಳಿದೆ. ಅವಳು ಬೆಲ್ಟಿನ ಗಂಟು ಬಿಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಇವನೊಬ್ಬ ಪಡೋ ಪಾಡು ಸಾಲದೇನೋ? ಮಕ್ಕಳಿಗೂ ಇದೇ ಬೇಕಾ?"

ಆದ್ದರಿಂದ ಗುಂಡಣ್ಣ ಬರುವುದಿಲ್ಲ. ಬದಲಿಗೆ ಕಡ್ಡಿಯನ್ನು ತರುತ್ತೇನೆ. ಅವನು ಗಾಜು ಮುಟ್ಟಿ ತಿರುಗುವ ಚಂದ ನನ್ನ ಯಾವ ಶಿಷ್ಯನಿಗೂ ಬಂದಿಲ್ಲ. ನನ್ನ ಬೇಡಿಕೆ ಒಂದೇ: ಹೊಟ್ಟೆ, ಬಾಲ ಅಳೆಯುವ ಮೊದಲು ಪ್ರತಿ ಮೀನೂ ತೊಟ್ಟಿಯ ಈ ತುದಿಯಿಂದ ಆ ತುದಿಗೆ ತಾನಾಗಿ ಈಜಿ ತೋರಿಸಬೇಕು. ಈಜಲಾಗದ ಮೀನಿಗೆ ಅಂಕವೂ ಬೇಡ, ಅದರಿಂದ ಮರಿಯೂ ಬೇಡ. ಸಿಳ್ಳೆ ನನ್ನದೇ ಇದೆ, ಸಂಬಳವಿಲ್ಲದೆ ಬಂದು ಊದುತ್ತೇನೆ.

ಗುಂಡಣ್ಣನೇ ಬೇಕೆಂದು ಹಟ ಹಿಡಿದರೆ ಅಮ್ಮನದೊಂದು ಷರತ್ತಿದೆ, ಅವಳ ಮಾತಿನಲ್ಲೇ ಬರೆಯುತ್ತೇನೆ: "ಕರ್ಕೊಂಡು ಹೋಗ್ಲಿ. ಆದ್ರೆ ದಿನಾ ಬೆಳಿಗ್ಗೆ ಅಧ್ಯಕ್ಷರೇ ಕೈಯಾರೆ ಬೆಲ್ಟು ಕಟ್ಟಬೇಕು, ಅವನ ಮುಖ ನೋಡ್ಕೊಂಡು."

ಇಂತಿ,
ಮೀನಿಗೆ ಈಜು ಕಲಿಸಲು ಹೋಗಿ ಸೋತ
ಒಬ್ಬ ಈಜು ಮಾಸ್ತರ